ಐದನೇ ಸೋಮವಾರ

2025ರ ಜೂನ್ 30, ಸೋಮವಾರ. ಬೆಳಿಗ್ಗೆ ಏಳೂವರೆಗೆ ಸ್ವಸಹಾಯ ಸಂಘದ ಮೀಟಿಂಗು. ಸಾಲದ ಕಂತು 800 ರೂಪಾಯಿ. ನನ್ನ ಪರ್ಸಿನಲ್ಲಿ ಇದ್ದದ್ದು 210. ಇವರ ಜೇಬಿನಲ್ಲಿ ಪೆಟ್ರೋಲಿಗೆಂದು ಇಟ್ಟ 200ರ ಒಂದು ನೋಟು. ಖಾತೆಯಲ್ಲಿ 96. ಹೊರಗೆ ಕೊಡೆ ಹಿಡಿದರೂ ನೆನೆಯುವಂಥ ಮಳೆ.

ತಮಾಷೆ ಏನು ಗೊತ್ತಾ? ಆ ತಿಂಗಳು ನಾನು ಬಜೆಟ್ ಮಾಡಿದ್ದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ, ಸರಿಯಾಗಿ, ಸ್ಕೇಲು ಇಟ್ಟು ಗೆರೆ ಎಳೆದು.

ಜೂನ್ 1 ಭಾನುವಾರವಾಗಿತ್ತು. ಮಗನ ಹೋದ ವರ್ಷದ ಗಣಿತದ ಪುಸ್ತಕದಲ್ಲಿ ಅರ್ಧದಷ್ಟು ಹಾಳೆ ಖಾಲಿ ಉಳಿದಿತ್ತು. ಅದರಲ್ಲೇ ಬರೆದೆ. ಇವರ 22,000, ನನ್ನ 16,000, ಒಟ್ಟು 38,000. ಉಡುಪಿಯ ಅಂಬಲಪಾಡಿಯ ಬಾಡಿಗೆ ಮನೆಗೆ 8,500. ದಿನಸಿ 6,000. ಮೀನು 2,500. ಸಂಘಕ್ಕೆ ವಾರಕ್ಕೆ 800ರ ಹಾಗೆ 3,200. ಮಣಿಪಾಲಕ್ಕೆ ಹೋಗಿ ಬರುವ ನನ್ನ ಬಸ್ಸಿಗೆ 1,000. (ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಎಂದು ಶಿವಮೊಗ್ಗದ ಅಕ್ಕ ಕೇಳುತ್ತಾಳೆ. ಅದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು.) ಹಾಲು, ಗ್ಯಾಸು, ಪೆಟ್ರೋಲು, ಅತ್ತೆಯ ಬಿಪಿ ಮಾತ್ರೆ, ಸ್ಕೂಲ್ ವ್ಯಾನು ಎಲ್ಲ ಸೇರಿಸಿ 31,600 ಆಯಿತು. ಉಳಿಕೆ 6,400! ಅದರ ಸುತ್ತ ಕೆಂಪು ಪೆನ್ನಿನಲ್ಲಿ ಚೌಕ ಹಾಕಿದೆ. ಇವರಿಗೆ ತೋರಿಸಿದೆ. "ಅಷ್ಟು ಉಳಿದ್ರೆ ಒಳ್ಳೇದೇ" ಎಂದು ಟಿವಿ ಕಡೆ ತಿರುಗಿದರು.

ಮಾರನೇ ದಿನವೇ ಮಗನ ಬ್ಯಾಗಿನ ಜಿಪ್ ಕಿತ್ತು ಬಂತು. ಆಮೇಲೆ ಪುಸ್ತಕದ ಪಟ್ಟಿ, ಯೂನಿಫಾರ್ಮು, ರೈನ್‌ಕೋಟು, ಮಳೆಗೆ ಹಾಕುವ ಚಪ್ಪಲಿ. ಒಟ್ಟು 4,350. ಶಾಲೆ ಶುರುವಾಗುವುದು ಪ್ರತಿ ವರ್ಷ ಇದೇ ಹೊತ್ತಿಗೆ, ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಆದರೂ "ತಿಂಗಳ ಖರ್ಚು" ಎಂದು ಬರೆಯಲು ಕೂತಾಗ ಪ್ರತಿ ತಿಂಗಳು ಬರುವುದು ಮಾತ್ರ ನೆನಪಾಗುತ್ತದೆ.

ಮೀನಿನ ಕಥೆ ಬೇರೆಯೇ. ಜೂನ್ ಒಂದರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ನಾಡದೋಣಿಯವರು ಹೋಗಬಹುದು, ಆದರೆ ಕಡಲು ಬಿಡಬೇಕಲ್ಲ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ, ಅಲ್ಲಿಯ ಮೀನು ಐಸಿನಲ್ಲಿ ಕೂತು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಮೇ ತಿಂಗಳಲ್ಲಿ ನೂರಕ್ಕೆ ಎಂಟು ಬಂಗುಡೆ ಕೊಟ್ಟಿದ್ದ ಮೀನಿನ ಅಕ್ಕ ಈಗ ಮೂರು ಎಣಿಸಿ ಕೈಗಿಟ್ಟರು. ಅದರ ಕಣ್ಣು ನೋಡಿದರೆ ನನಗಿಂತ ಜಾಸ್ತಿ ಊರು ಸುತ್ತಿದ ಹಾಗಿತ್ತು. ಬಜೆಟ್ ಉಂಟಲ್ಲ ಎಂದು ಮೀನು ಬಿಡಬಹುದಿತ್ತು. ಬಿಡಲಿಲ್ಲ. ಮಳೆ ಸುರಿಯುವಾಗ ಕುಚ್ಚಲಕ್ಕಿ ಗಂಜಿ ಎದುರಿಟ್ಟು ಬರೀ ಉಪ್ಪಿನಕಾಯಿ ನೆಕ್ಕಿ ಎನ್ನಲು ನನ್ನಿಂದ ಆಗುವುದಿಲ್ಲ.

ತೆಂಗಿನೆಣ್ಣೆ ಲೀಟರಿಗೆ ನಾನೂರರ ಹತ್ತಿರ ಹೋಗಿತ್ತು. ಬೈಕಿನ ಬ್ರೇಕ್ ಹೋಯಿತು. ಒಂದು ಸೀಮಂತ ಬಂತು, ಕವರಿನಲ್ಲಿ 500. ಇಷ್ಟಾದರೂ ಹೇಗೋ ಎಳೆದು ತಂದೆ. 29ರ ರಾತ್ರಿ ಪುಸ್ತಕ ನೋಡಿ, ಪರವಾಗಿಲ್ಲ, ಸಾಲ ಮಾಡದೆ ತಿಂಗಳು ದಾಟಿತು ಎಂದು ಮಲಗಿದೆ. ಬೆಳಿಗ್ಗೆ ಎದ್ದು ಕ್ಯಾಲೆಂಡರ್ ನೋಡಿದರೆ ಸೋಮವಾರ. ತಿಂಗಳಿಗೆ ನಾಲ್ಕು ವಾರ ಎಂದು 800ನ್ನು ನಾಲ್ಕರಿಂದ ಗುಣಿಸಿದ್ದೆ. ಜೂನಿನಲ್ಲಿ ಐದು ಸೋಮವಾರ ಇತ್ತು. ಕ್ಯಾಲೆಂಡರ್ ನೇತು ಹಾಕಿದ್ದು ನಾನು ಕೂತು ಬರೆದ ಮೇಜಿನ ಎದುರಿನ ಗೋಡೆಗೇ.

"ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಪರ್ಸು ಕೊಡವುದು?" ಅತ್ತೆ ಅಡುಗೆಮನೆಯಿಂದ ಕೇಳಿದರು. ಹೇಳಿದೆ. ಅವರು ಏನೂ ಮಾತಾಡದೆ ಅಟ್ಟಳಿಗೆಯಿಂದ ಒಣ ಸಿಗಡಿಯ ಡಬ್ಬ ಇಳಿಸಿದರು. ಅದರೊಳಗೆ ಒಂದು ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ, ರಬ್ಬರ್ ಬ್ಯಾಂಡು. ಬೆರಳಿಗೆ ಎಂಜಲು ಮುಟ್ಟಿಸಿ 800 ಎಣಿಸಿದರು. ಅಲ್ಲಿ ಯಾಕೆ ಇಡ್ತೀರಿ ಎಂದರೆ, "ನಿನ್ನ ಗಂಡ, ಮಗ ಇಬ್ಬರೂ ಆ ವಾಸನೆಗೆ ಹತ್ತಿರ ಬರುದಿಲ್ಲ" ಎಂದರು. ಸಂಘದಲ್ಲಿ ಲೆಕ್ಕ ಬರೆಯುವವಳು ನೋಟು ತೆಗೆದುಕೊಂಡು ಒಮ್ಮೆ ಮೂಸಿ ನನ್ನ ಮುಖ ನೋಡಿದಳು.

ಅದೇ ಸಂಜೆ ಅತ್ತೆ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ನಾನು ಪುಸ್ತಕ ಹಿಡಿದು ಪಕ್ಕ ಕೂತೆ. ಅತ್ತೆ ಓದಿದ್ದು ಮೂರನೇ ಕ್ಲಾಸು. ಇಪ್ಪತ್ತೈದು ವರ್ಷ ಬೀಡಿ ಕಟ್ಟಿದವರು. ಅವರಿಗೆ ತಿಂಗಳ ಸಂಬಳ ಎನ್ನುವುದೇ ಇರಲಿಲ್ಲ, ವಾರಕ್ಕೊಮ್ಮೆ ಮಜೂರಿ. ಹಾಗಾಗಿ ತಿಂಗಳ ಲೆಕ್ಕವೂ ಇಲ್ಲ. ಅವರ ಲೆಕ್ಕ ಮಳೆಯಿಂದ ಮಳೆಗೆ. ಮೇ ಬಂತೆಂದರೆ ಮೆಣಸು, ಕೊತ್ತಂಬರಿ, ಹುಣಸೆಹುಳಿ ಒಣಗಿಸಿ ತುಂಬಿಸಬೇಕು, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಒಣಮೀನು ಆಗಬೇಕು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು ಒಂದೆರಡು ದಿನದಲ್ಲಿ ನಮ್ಮ ತಲೆ ಮೇಲಿತ್ತು. ಎರಡನೇ ಸುತ್ತಿನ ಹಪ್ಪಳ ಒಣಗಲೇ ಇಲ್ಲ, ಬೂಸಲು ಬಂದು ಎಸೆದೆವು. ಅದನ್ನು ಇವತ್ತಿಗೂ ಹೇಳುತ್ತಾರೆ, ಸತ್ತವರನ್ನು ನೆನೆಸಿಕೊಂಡ ಹಾಗೆ.

ಅವರು ಹೇಳುತ್ತಾ ಹೋದರು, ನಾನು ಬರೆದೆ. ಮಗನ ಶಾಲೆಯದ್ದು ವರ್ಷಕ್ಕೆ 18,000. ಮೇ ತಿಂಗಳ ಸಾಮಾನು 3,500. ಬೈಕಿನ ಇನ್ಶೂರೆನ್ಸ್ 1,500. ಚೌತಿ, ಅಷ್ಟಮಿ, ದೀಪಾವಳಿ 4,000. ಮದುವೆ, ಗೃಹಪ್ರವೇಶದ ಮುಯ್ಯಿ 3,000. "ಆಟಿಯಲ್ಲಿ ಮದುವೆ ಇಲ್ಲ, ಅದೊಂದು ಪುಣ್ಯ" ಎಂದರು. (ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು.) ಒಟ್ಟು 30,000. ಹನ್ನೆರಡರಿಂದ ಭಾಗಿಸಿದರೆ 2,500. ಅಂದರೆ, ನನ್ನ ಕೆಂಪು ಚೌಕದೊಳಗಿನ 6,400ರಲ್ಲಿ ಇಷ್ಟು ಮೊದಲೇ ಖರ್ಚಾಗಿ ಹೋದದ್ದು.

ತಿಂಗಳಿಗೆ 2,500 ತೆಗೆದಿಡುತ್ತೇನೆ ಎಂದೆ. ಅತ್ತೆ ನಕ್ಕರು. "ನೀನಾ? ದಿನಕ್ಕೆ ಎಂಬತ್ತು ಪಿಗ್ಮಿಗೆ ಹಾಕು."

ಪಿಗ್ಮಿ ಎಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ನಮ್ಮೂರಿನದ್ದೇ ಕೂಸು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಅದನ್ನು ತಂದಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು. ಪಿಗ್ಮಿ ಮಾತ್ರ ಪೇಟೆಯ ಸೊಸೈಟಿಗಳಲ್ಲಿ ಈಗಲೂ ಉಂಟು. ಬಡ್ಡಿ ಏನೂ ಹೇಳಿಕೊಳ್ಳುವಂಥದ್ದಲ್ಲ, ಇವರು ಅದನ್ನೇ ಹಿಡಿದು ವಾದ ಮಾಡಿದರು. ಬಡ್ಡಿಗಲ್ಲ, ಸಂಜೆ ಆರಕ್ಕೆ ಒಬ್ಬರು ಚಿಕ್ಕ ಮೆಷಿನ್ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾರಲ್ಲ, ಅದಕ್ಕೆ ಎಂದೆ. ಬೇಡ ಎಂದು ಹೇಳಲು ನಾಚಿಕೆಯಾಗುತ್ತದೆ. ಈವರೆಗೆ ಎರಡು ಸಲ ಮಾತ್ರ ಒಳಗೆ ಅಡಗಿ ಕೂತಿದ್ದೇನೆ.

ಜುಲೈ 1ರ ಬೆಳಿಗ್ಗೆ ಹೊಸ ಹಾಳೆ ತೆಗೆದೆ. ಈ ಸಲ ಮೊದಲು ಕ್ಯಾಲೆಂಡರ್ ಬಿಡಿಸಿ ಸೋಮವಾರ ಎಣಿಸಿದೆ. ಜುಲೈ ನಾಲ್ಕು, ಆಗಸ್ಟ್ ನಾಲ್ಕು, ಸೆಪ್ಟೆಂಬರ್ ಐದು. ಸೆಪ್ಟೆಂಬರ್ 29ಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದಾಗ ಅತ್ತೆ ಚಹಾ ತಂದಿಟ್ಟರು. ಅಲ್ಲಿಯೇ ನಿಂತರು.

"ಸಂಬಳ ಬಂತಾ?"

"ಇಲ್ಲ ಅತ್ತೆ, ಸಂಜೆ ಬರ್ತದೆ."

"ಹ್ಞಾಂ, ಅವಸರ ಇಲ್ಲ" ಎಂದರು. ಪುಸ್ತಕದ ಮೊದಲ ಗೆರೆಯ ಮೇಲೆ ಬೆರಳಿಟ್ಟರು. "ಇಲ್ಲಿ ಬರಿ. ಸಿಗಡಿ ಡಬ್ಬಕ್ಕೆ, ಎಂಟುನೂರು."