ಮೂರು ದಿನ ದೋಣಿಯಲ್ಲಿ, ಒಂದು ದಿನ ತಪ್ಪು ಅಂಗಿಯಲ್ಲಿ

ಕಡುಬೇಸಿಗೆಯಲ್ಲಿ ಮೂರು ದಿನ ಹಿನ್ನೀರಿನಲ್ಲಿ ಗಾಳ ಹಾಕಿ ಬಂದೆವು. ಸಿಕ್ಕ ಮೀನಿನ ಲೆಕ್ಕ ಕೇಳಬೇಡಿ, ಹೇಳಿಕೊಳ್ಳುವಂಥದ್ದೇನಿಲ್ಲ. ನಾನು ಹೇಳಹೊರಟಿರುವುದು ಅಂಗಿಯ ವಿಷಯ. ಹೊರಡುವ ಮುಂಚೆ ರಾಡು, ರೀಲು, ದಾರ, ಕೊಕ್ಕೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡವನು, ಮೈಮೇಲೆ ಏನು ಹಾಕಿಕೊಳ್ಳುವುದು ಅನ್ನುವುದಕ್ಕೆ ಐದು ನಿಮಿಷವನ್ನೂ ಕೊಟ್ಟಿರಲಿಲ್ಲ. ಮೂರು ಬಿಳಿ ಹತ್ತಿ ಟೀ ಶರ್ಟು, ಒಂದು ಟೋಪಿ, ಬ್ಯಾಗಿನ ಜಿಪ್ ಎಳೆದದ್ದೇ.

ಮೊದಲ ದಿನ ಬೆಳಗಿನ ಆರಕ್ಕೆಲ್ಲ ನೀರಿಗಿಳಿದೆವು. ಒಂಬತ್ತರವರೆಗೆ ಸ್ವರ್ಗ. ಹತ್ತೂವರೆಗೆ ದೋಣಿಯ ಹಲಗೆ ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ನಾನು ಟೀ ಶರ್ಟ್ ಬಿಚ್ಚಿ ನೀರಲ್ಲಿ ಅದ್ದಿ, ಹಿಂಡದೆ ಹಾಗೇ ಹಾಕಿಕೊಂಡು, ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡೆ. ಅಬ್ಬಾ, ಎಷ್ಟು ಹಿತ! ಒಣಗಿದಾಗಲೆಲ್ಲ ಮತ್ತೆ ಅದ್ದಿದೆ, ನಾಲ್ಕೈದು ಸಲವಾದರೂ ಆಗಿರಬೇಕು. ಎದುರು ತುದಿಯಲ್ಲಿ ಗೆಳೆಯ ತಲೆಗೆ ಮುಸುಕಿರುವ ತುಂಬುತೋಳಿನ ಅಂಗಿ ಹಾಕಿ, ಮುಖದ ಅರ್ಧ ಮುಚ್ಚಿಕೊಂಡು ಕೂತಿದ್ದ. ‘ಏನಪ್ಪಾ, ಮೀನು ಹಿಡಿಯೋಕೆ ಬಂದಿದ್ದೀಯೋ, ಬ್ಯಾಂಕ್ ದರೋಡೆಗೋ?’ ಅಂತ ರೇಗಿಸಿದೆ. ಅವನು ಉತ್ತರ ಕೊಡಲಿಲ್ಲ.

ಉತ್ತರ ಸಿಕ್ಕಿದ್ದು ಸಂಜೆ ಸ್ನಾನಕ್ಕೆ ನಿಂತಾಗ. ಮೊದಲ ಚೊಂಬು ನೀರು ಭುಜಕ್ಕೆ ಬಿದ್ದದ್ದೇ ತಡ, ಕೂಗಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಲೈಫ್ ಜಾಕೆಟ್ ಮುಚ್ಚಿದ್ದ ಜಾಗ ಮೊದಲಿನ ಬಣ್ಣದಲ್ಲೇ ಇದೆ. ಅದರ ಅಂಚಿನಿಂದ ತೋಳಿನ ತನಕ, ಟೀ ಶರ್ಟ್ ಮಾತ್ರ ಇದ್ದ ಭಾಗವೆಲ್ಲ ಕೆಂಪಗೆ ಬೆಂದಿದೆ. ಅಂದರೆ ಬಿಸಿಲು ಬಟ್ಟೆಯೊಳಗಿಂದಲೇ ಇಳಿದಿತ್ತು. ಆ ರಾತ್ರಿ ಬೋರಲು ಮಲಗಿದೆ. ಬೆಳಗ್ಗೆ ಎದ್ದಾಗ ಕೆಂಪು ಇನ್ನೂ ಗಾಢವಾಗಿತ್ತು. ಬಿಸಿಲಿನ ಸುಟ್ಟ ಗಾಯ ಜೋರಾಗುವುದೇ 12ರಿಂದ 24 ಗಂಟೆ ಕಳೆದ ಮೇಲೆ. ‘ಈಗ ಏನೂ ಉರಿಯುತ್ತಿಲ್ಲವಲ್ಲ’ ಅಂತ ದೋಣಿಯಲ್ಲಿ ಅಂದುಕೊಳ್ಳುವ ಮಾತಿಗೆ ಅರ್ಥವಿಲ್ಲ.

ಆದದ್ದು ಇಷ್ಟು. ಬಟ್ಟೆ ಎಷ್ಟು ನೇರಳಾತೀತ ಕಿರಣವನ್ನು ತಡೆಯುತ್ತದೆ ಅನ್ನುವುದಕ್ಕೆ ಯುಪಿಎಫ್ ಎಂಬ ಅಳತೆ ಇದೆ. ಅದರ ಮೊದಲ ಮಾನದಂಡ 1996ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಬಂತು. ಲೆಕ್ಕ ಸುಲಭ: ಯುಪಿಎಫ್ 50 ಅಂದರೆ ಐವತ್ತರಲ್ಲಿ ಒಂದು ಪಾಲು, ಶೇಕಡಾ 2ರಷ್ಟು ಮಾತ್ರ ಒಳಗೆ ಬರುತ್ತದೆ. ತೆಳ್ಳಗಿನ ಬಿಳಿ ಹತ್ತಿ ಟೀ ಶರ್ಟಿನದು ಒಣಗಿದ್ದಾಗ 5ರಿಂದ 7ರ ಆಸುಪಾಸು, ನೆನೆದರೆ 3ರ ಹತ್ತಿರಕ್ಕೆ ಇಳಿಯುತ್ತದೆ. ನಾನು ತಂಪಿಗೆಂದು ಅದ್ದಿದಷ್ಟೂ ಸಲ ಕಿಟಕಿಯ ಪರದೆ ಸರಿಸಿದ ಹಾಗಾಗಿತ್ತು. ನೆನೆದ ಬಿಳಿ ಬಟ್ಟೆಯೊಳಗಿಂದ ಮೈ ಕಾಣುತ್ತದಲ್ಲ, ಎಳೆಗಳ ನಡುವೆ ನೀರು ತುಂಬಿ ಬೆಳಕು ಚದುರದೆ ಒಳಗೆ ಹಾಯುವುದರಿಂದ ಹಾಗೆ ಕಾಣುವುದು. ನೇರಳಾತೀತದ ಕತೆಯೂ ಅದೇ.

‘ನೀರು ಕನ್ನಡಿ ಇದ್ದಂತೆ, ಬಿಸಿಲನ್ನು ದುಪ್ಪಟ್ಟು ಮಾಡುತ್ತದೆ’ ಅನ್ನುವವರಿದ್ದಾರೆ. ಅಷ್ಟೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೀರಿನ ಮೇಲ್ಮೈ ಹಿಂದಕ್ಕೆಸೆಯುವ ನೇರಳಾತೀತ ಕಿರಣ ಶೇಕಡಾ 10ಕ್ಕಿಂತ ಕಡಿಮೆ, ಸಮುದ್ರದ ನೊರೆಯಾದರೆ ಸುಮಾರು 25. ದೋಣಿಯಲ್ಲಿ ನಮ್ಮನ್ನು ಸುಡುವುದು ಮುಖ್ಯವಾಗಿ ನೆತ್ತಿಯ ಮೇಲಿನ ಸೂರ್ಯ ಮತ್ತು ನಾಲ್ಕೂ ಕಡೆ ತೆರೆದಿರುವ ಆಕಾಶ. ಒಂದು ಗಿಡದ ನೆರಳೂ ಇಲ್ಲದೆ ಎಂಟು ಗಂಟೆ ಕೂರುವ ಜಾಗ ನೆಲದ ಮೇಲೆ ಎಷ್ಟಿರುತ್ತದೆ ಹೇಳಿ. ಮೋಡ ಬಂತು ಅಂತ ಮೈಮರೆಯುವುದೂ ಬೇಡ, ತೆಳು ಮೋಡ ಶೇಕಡಾ 80ರವರೆಗೂ ಬಿಟ್ಟುಕೊಡಬಲ್ಲದು. ನಾನು ಈಗ ನೋಡುವುದು ನನ್ನ ನೆರಳನ್ನು. ನೆರಳು ನನಗಿಂತ ಗಿಡ್ಡವಾಯಿತೋ, ಅಂಗಿಯ ತೋಳು ಕೆಳಗಿಳಿಸುವ ಹೊತ್ತು.

ಎರಡನೇ ದಿನ ಗೆಳೆಯ ಏನೂ ಹೇಳದೆ ತನ್ನ ಇನ್ನೊಂದು ಅಂಗಿ ತಂದು ಮಡಿಲಿಗೆ ಹಾಕಿದ. ತಿಳಿ ಬೂದು ಬಣ್ಣ, ಟೀ ಶರ್ಟಿನಂತೆ ಹೆಣಿಗೆಯ ಪಾಲಿಯೆಸ್ಟರ್ ಬಟ್ಟೆ, ಮುಷ್ಟಿಯಲ್ಲಿ ಹಿಡಿದರೆ ಕರವಸ್ತ್ರದಷ್ಟು. ತುಂಬುತೋಳು, ಹಿಂದೆ ಮುಸುಕು, ತೋಳಿನ ತುದಿಯಲ್ಲಿ ಹೆಬ್ಬೆರಳು ತೂರಿಸಲು ಒಂದು ತೂತು. ಈ ತೂತು ಶೋಕಿಗೆ ಅಂದುಕೊಂಡಿದ್ದೆ. ರಾಡ್ ಬೀಸುವಾಗ ಪ್ರತಿ ಸಲವೂ ತೋಳು ಮೇಲೆ ಸರಿದು ಮಣಿಕಟ್ಟು ಬಯಲಾಗುತ್ತದೆ. ಹೆಬ್ಬೆರಳು ಸಿಕ್ಕಿಸಿದರೆ ಬಟ್ಟೆ ಅಂಗೈ ಹಿಂಭಾಗದವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಮುಸುಕು ಮೊದಲು, ಅದರ ಮೇಲೆ ಟೋಪಿ. ತಿರುಗುಮುರುಗಾಗಿ ಹಾಕಿದರೆ ಗಾಳಿಗೆ ಎರಡೂ ಹಾರುತ್ತವೆ.

ಮೊದಲ ಅರ್ಧ ಗಂಟೆ ಸೆಕೆ ಅನ್ನಿಸಿತು, ನಿಜ. ಆಮೇಲೆ ಬೆವರು ಬಟ್ಟೆಯಲ್ಲಿ ಹರಡಿ, ಗಾಳಿಗೆ ಆರುತ್ತಾ ಮೈ ತಂಪಾಗತೊಡಗಿತು. ನಡುನಡುವೆ ಅಂಗಿಯನ್ನು ಒದ್ದೆ ಮಾಡಿಕೊಂಡೆ, ಈ ಸಲ ಧೈರ್ಯವಾಗಿ. ಪಾಲಿಯೆಸ್ಟರಿನ ಎಳೆಯೇ ನೇರಳಾತೀತವನ್ನು ಹೀರುವ ಗುಣದ್ದು, ಹತ್ತಿಯಂತೆ ನೀರನ್ನು ಒಳಗೆಳೆದುಕೊಂಡು ಭಾರವಾಗುವುದೂ ಇಲ್ಲ. ಆದರೆ ಗಾಳಿ ಪೂರ್ತಿ ನಿಂತು, ವಾತಾವರಣದಲ್ಲೂ ತೇವ ತುಂಬಿದಾಗ ಯಾವ ಅಂಗಿಯೂ ತಂಪು ಮಾಡುವುದಿಲ್ಲ. ಮಧ್ಯಾಹ್ನ ಒಂದೂವರೆಗೆ ಅಂಥ ಒಂದು ಗಂಟೆ ಬಂತು. ತಲೆ ಸುತ್ತಿದಂತಾಗಿ, ನೀರು ಕುಡಿದು ದಡದ ನೆರಳಿಗೆ ಹೋಗಿ ಮಲಗಿದೆವು. ಇಂಥ ಅಂಗಿ ಬಿಸಿಲನ್ನು ತಡೆಯುತ್ತದೆ, ಧಗೆಯನ್ನಲ್ಲ.

ಕೊಳ್ಳುವವರು ಅಂಗಿಯ ಲೇಬಲ್ಲಿನಲ್ಲಿ ಯುಪಿಎಫ್ 50 ಅಥವಾ 50+ ಇದೆಯೇ ನೋಡಿ. ಸಂಖ್ಯೆಯೇ ಇಲ್ಲದೆ ಬರೀ ‘ಸನ್ ಪ್ರೊಟೆಕ್ಷನ್’ ಅಂತ ಬರೆದಿದ್ದರೆ ನಾನಂತೂ ಮುಟ್ಟುವುದಿಲ್ಲ. ತೂಕ ಚದರ ಮೀಟರಿಗೆ 120ರಿಂದ 150 ಗ್ರಾಂ ಇದ್ದರೆ ಸಾಕು. ಅದಕ್ಕಿಂತ ತೆಳುವಾದದ್ದನ್ನು ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿ ನೋಡಿ, ಬೆರಳು ಸ್ಪಷ್ಟವಾಗಿ ಕಂಡರೆ ಅನುಮಾನಿಸಿ. ಅಳತೆಯಲ್ಲಿ ಜಿಪುಣತನ ಬೇಡ, ಒಂದು ಸೈಜ್ ದೊಡ್ಡದೇ ಇರಲಿ. ಬಿಗಿಯಾದ ಬಟ್ಟೆ ಹೆಗಲ ಮೇಲೆ ಹಿಗ್ಗಿದಾಗ ಹೆಣಿಗೆಯ ಕಣ್ಣುಗಳು ಬಿಚ್ಚಿಕೊಂಡು ತಡೆಯುವ ಶಕ್ತಿ ಕುಗ್ಗುತ್ತದೆ, ಗಾಳಿಯಾಡಲು ಜಾಗವೂ ಉಳಿಯುವುದಿಲ್ಲ. ಬಣ್ಣದ ವಿಷಯದಲ್ಲಿ ಸ್ವಲ್ಪ ಇಕ್ಕಟ್ಟಿದೆ. ಗಾಢ ಬಣ್ಣ ನೇರಳಾತೀತವನ್ನು ಹೆಚ್ಚು ತಡೆಯುತ್ತದೆ, ಆದರೆ ಬಿಸಿಯಾಗುತ್ತದೆ. 50 ಅಂತ ಪರೀಕ್ಷೆಯಾದ ತಿಳಿ ಬಣ್ಣದ ಬಟ್ಟೆ ಸಿಕ್ಕರೆ ಆ ಚಿಂತೆಯೇ ಇಲ್ಲ.

ಹೆಣಿಗೆಯ ಬಟ್ಟೆಗೆ ಎರಡು ಶತ್ರುಗಳು. ಒಂದು ಕೊಕ್ಕೆ. ಮೂರು ಮುಳ್ಳಿನ ಕೊಕ್ಕೆಯೊಂದು ಗೆಳೆಯನ ಅಂಗಿಯ ತೋಳಿಗೆ ಸಿಕ್ಕಿಕೊಂಡಿತು, ನಾನು ಅವಸರದಲ್ಲಿ ಎಳೆದೆ, ಒಂದು ಎಳೆ ಗೇಣುದ್ದ ಹೊರಬಂತು. (ಅವನಿಗೆ ಹೊಸದು ಕೊಡಿಸಿದ್ದೇನೆ.) ಇನ್ನೊಂದು ಸೊಳ್ಳೆ. ಮೈಗೆ ಅಂಟಿದ ತೆಳು ಹೆಣಿಗೆಯ ಮೇಲಿಂದಲೇ ಚುಚ್ಚುತ್ತದೆ. ದಡದಲ್ಲಿ ಪೊದೆಗಳ ನಡುವೆ ನಿಂತು ಗಾಳ ಹಾಕುವವರಿಗೆ ಕಾಲರು, ಗುಂಡಿ, ಬೆನ್ನಿನಲ್ಲಿ ಜಾಲರಿ ಕಿಂಡಿ ಇರುವ ನೈಲಾನ್ ನೇಯ್ಗೆಯ ಅಂಗಿಯೇ ಮೇಲು. ದೋಣಿಗಾದರೆ ನನ್ನ ಓಟು ಮುಸುಕಿನ ಹೆಣಿಗೆಗೆ.

ಸೊಳ್ಳೆ ಅಂದಾಗ ನೆನಪಾಯಿತು. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು, ಸ್ಪ್ಯಾಂಡೆಕ್ಸ್ ಅನ್ನುವ ಹಿಗ್ಗುವ ಎಳೆ ಬೆರೆತ ಬಟ್ಟೆಯನ್ನೂ ಪ್ಲಾಸ್ಟಿಕ್ಕನ್ನೂ ಹಾಳು ಮಾಡಬಲ್ಲದು. ತಂಪು ಕನ್ನಡಕ, ದಾರ ಮುಟ್ಟುವ ಮುಂಚೆ ಅಂಗೈ ತೊಳೆಯಿರಿ. ಡೀಟ್ ಬದಲು ಪಿಕಾರಿಡಿನ್ ಎಂಬ ಸೊಳ್ಳೆ ನಿವಾರಕ ಇರುವ ಮುಲಾಮಾದರೆ ಈ ರಗಳೆ ಇಲ್ಲ.

ಮೂರು ದಿನಕ್ಕೆ ಕನಿಷ್ಠ ಎರಡು ಅಂಗಿ ಬೇಕು. ಪಾಲಿಯೆಸ್ಟರಿಗೆ ವಾಸನೆ ಬೇಗ ಹಿಡಿಯುತ್ತದೆ, ಬೆವರಿನ ಜೊತೆ ಮೀನಿನ ಲೋಳೆಯೂ ಸೇರಿದರೆ ಕೇಳಬೇಕೇ. ರಾತ್ರಿ ಜಾಲಿಸಿ ಹಾಕಿದರೆ ಬೆಳಗ್ಗೆಗೆ ಒಣಗಿರುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಎಳೆಗಳ ಮೇಲೆ ಪದರ ಕೂತು ಬಟ್ಟೆ ಬೆವರೆಳೆಯುವುದನ್ನು ಬಿಡುತ್ತದೆ.

ಅಂಗಿ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್ ಬೇಕೇ ಬೇಕು: ಮೂಗು, ಕಿವಿಯ ಅಂಚು, ಬೆರಳುಗಳ ಹಿಂಭಾಗ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮೂರನೇ ದಿನ ನಾನು ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಮುಸುಕು, ಹೆಬ್ಬೆರಳ ತೂತು, ಕಿವಿಗೆ ಬಿಳಿ ಬಳಿತ, ಗೆಳೆಯ ಮೆಚ್ಚಿ ತಲೆಯಾಡಿಸಿದ. ಸಂಜೆ ದಡಕ್ಕಿಳಿದು ಚಪ್ಪಲಿ ಕಳಚಿದರೆ, ಎರಡೂ ಪಾದಗಳ ಮೇಲೆ ಪಟ್ಟಿಗಳ ಅಚ್ಚು ಬಿಟ್ಟು ಉಳಿದದ್ದೆಲ್ಲ ಕೆಂಪು. ವಾಪಸ್ ಹೊರಡುವಾಗ ಶೂ ಹಾಕಲಾಗದೆ ಬರಿಗಾಲಲ್ಲೇ ಬಂಡಿ ಹತ್ತಿದೆ.