ಉರು ಹೊಡೆಯೋದು ಬೇರೆ, ಒಪ್ಪಿಸೋದು ಬೇರೆ

ಅಕ್ಟೋಬರ್ 23, 2025, ಗುರುವಾರ
ಕ್ಯುಪರ್ಟಿನೋ

ಬೆಳಗ್ಗೆ ಸೈಕಾಲಜಿ ಎರಡನೇ ಪರೀಕ್ಷೆ ಮುಗಿಯಿತು. 50 ಪ್ರಶ್ನೆ. ಅಂಕ ಸೋಮವಾರ ಗೊತ್ತಾಗುತ್ತದೆ. ಅಷ್ಟರೊಳಗೆ ಈ ಎರಡು ವಾರ ಹೇಗೆ ಓದಿದೆ ಅನ್ನೋದನ್ನ ಬರೆದಿಡಬೇಕು ಅನ್ನಿಸಿತು.

ಕಮ್ಯುನಿಟಿ ಕಾಲೇಜು ಅಂದರೆ ಏನು ಅಂತ ಊರಿನವರು ಕೇಳ್ತಾನೇ ಇರುತ್ತಾರೆ. ಎಂಟ್ರೆನ್ಸ್ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ನಾನು ಹೋಗುವ ಡಿ ಆಂಜಾ ಕಾಲೇಜಿನಲ್ಲಿ ಈ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕೋರ್ಸು ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ) 31 ಡಾಲರ್ ಫೀಸು. ಎರಡು ವರ್ಷ ಇಲ್ಲಿ ಓದಿ, ಆಮೇಲೆ ಸ್ಯಾನ್ ಹೋಸೆ ಸ್ಟೇಟ್ ಥರದ ಯೂನಿವರ್ಸಿಟಿಗೆ ಸೇರಿ ಡಿಗ್ರಿ ಮುಗಿಸಬಹುದು. ನನ್ನ ಆಸೆಯೂ ಅದೇ. ಶಿವಮೊಗ್ಗದಲ್ಲಿ ಬಿಕಾಂ ಮಾಡಿ 20 ವರ್ಷ ಆದಮೇಲೆ ಮತ್ತೆ ಪುಸ್ತಕ ಹಿಡಿದಿದ್ದೇನೆ. ಎಡಗಡೆ 19ರ ಹುಡುಗ, ಬಲಗಡೆ ರಾತ್ರಿ ಪಾಳಿ ಗೋದಾಮಿನಲ್ಲಿ ದುಡಿದು ನೇರ ಕ್ಲಾಸಿಗೆ ಬರುವ ಹೆಂಗಸು, ಮುಂದಿನ ಸಾಲಿನಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಒಬ್ಬರು. ಈ ಕ್ಲಾಸು ನನಗೆ ತುಂಬಾ ಇಷ್ಟ.

ಮೊದಲ ಪರೀಕ್ಷೆಯಲ್ಲಿ 100ಕ್ಕೆ 61 ಬಂದಿತ್ತು. ಅಳು ಬಂತು. ಕಷ್ಟಪಟ್ಟು ಓದಿದ್ದೆ, ಪ್ರತಿ ಅಧ್ಯಾಯ ಮೂರು ಮೂರು ಸಲ, ಹಳದಿ ಹೈಲೈಟರ್‌ನಲ್ಲಿ ಅರ್ಧ ಪುಟ ಬಳಿದು. ಪ್ರೊಫೆಸರ್ ಹತ್ತಿರ ಹೋಗಿ ಹೇಳಿಕೊಂಡೆ. ಅವರು ನನ್ನ ಕೈಯಿಂದ ಪುಸ್ತಕ ತಗೊಂಡು ಮುಚ್ಚಿ, ನರಕೋಶ ಇನ್ನೊಂದು ನರಕೋಶಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತೆ ಹೇಳು ಅಂದರು. ಎರಡು ವಾಕ್ಯ ಹೇಳಿ ನಿಂತುಬಿಟ್ಟೆ. ಆ ಪುಟದ ಚಿತ್ರ ಎಲ್ಲಿತ್ತು, ಯಾವ ಬಣ್ಣ, ಎಲ್ಲ ಕಣ್ಣ ಮುಂದಿದೆ. ಮಾತು ಮಾತ್ರ ಬರಲಿಲ್ಲ.

ಆಮೇಲೆ ಅವರು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದರು. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಓದಲು ಕೊಟ್ಟರು. ಒಮ್ಮೆ ಅದನ್ನೇ ಮತ್ತೆ ಓದಿಸಿದರು, ಇನ್ನೊಮ್ಮೆ ಪಾಠ ಎತ್ತಿಟ್ಟು ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದ್ದೇ ಮುಂದೆ, ಶೇ. 81 ಮತ್ತು ಶೇ. 75. ಒಂದು ವಾರ ಬಿಟ್ಟು ಕೇಳಿದರೆ ಉಲ್ಟಾ. ಮತ್ತೆ ಓದಿದ್ದರಲ್ಲಿ ಶೇ. 42 ನೆನಪಿತ್ತು, ನೆನಪಿಸಿಕೊಂಡು ಬರೆದಿದ್ದರಲ್ಲಿ ಶೇ. 56.

ಕಾರಿಗೆ ಬಂದು ಕೂತಾಗ ನನಗೆ ಅಜ್ಜಿಯ ಮೊರ ನೆನಪಾಯಿತು.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾವು ಮೂರು ಜನ ಮಕ್ಕಳು ಕೈಕಾಲು ತೊಳೆದು ಚಾಪೆ ಮೇಲೆ ಕೂತು ಮಗ್ಗಿ ಒಪ್ಪಿಸಬೇಕಿತ್ತು. ಆಮೇಲೆ ಚೈತ್ರ ವೈಶಾಖ, ಅಶ್ವಿನಿ ಭರಣಿ, ಕೊನೆಗೆ 60 ಸಂವತ್ಸರ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು, ಬೆರಳು ಓಡುತ್ತಾ ಇರೋದು. ಹದಿಮೂರೇಳ್ಲಿ ಎಂಬತ್ತೊಂದು ಅಂತ ತಪ್ಪಿದೆವೋ, ಬೆರಳು ಅಲ್ಲೇ ನಿಲ್ಲುತ್ತಿತ್ತು. ಬೈಯಲ್ಲ, ಉತ್ತರವನ್ನೂ ಹೇಳಲ್ಲ. ನಾವು ತಡಕಾಡಿ ತೊಂಬತ್ತೊಂದು ಅನ್ನುವವರೆಗೂ ಸುಮ್ನೆ ಕಾಯುತ್ತಿದ್ದಳು. ಮತ್ತೆ ಬೆರಳು ಓಡೋಕೆ ಶುರು. ಆ ನಿಂತ ಬೆರಳು ನೋಡಿ ನಾವು ಕಲಿತಿದ್ದು ಇವತ್ತಿಗೂ ಅಳಿಸಿಲ್ಲ.

ನಮ್ಮಲ್ಲಿ ಬಾಯಿಪಾಠ ಅಂದರೆ ಈಗ ಎಲ್ಲರೂ ಮೂಗು ಮುರಿಯುತ್ತಾರೆ. ಅರ್ಥ ಗೊತ್ತಿಲ್ಲದೆ ಉರು ಹೊಡೆಯೋದನ್ನ ಬೈದರೆ ನಾನೂ ಒಪ್ಪುತ್ತೇನೆ. ಆದರೆ ಉರು ಹೊಡೆಯೋದೂ ಒಪ್ಪಿಸೋದೂ ಒಂದೇ ಅಂತ ತಿಳಿದು ಎರಡನ್ನೂ ಒಟ್ಟಿಗೆ ಬಿಟ್ಟುಬಿಟ್ಟೆವು, ಅಲ್ವಾ? ಪುಸ್ತಕ ನೋಡ್ತಾ ನೋಡ್ತಾ ನೂರು ಸಲ ಹೇಳೋದು ಉರು. ಪುಸ್ತಕ ಇನ್ನೊಬ್ಬರ ಕೈಗೆ ಕೊಟ್ಟು, ಒಳಗಿರೋದನ್ನ ಹೊರಗೆ ತಂದು ಅವರ ಮುಂದಿಡೋದು ಒಪ್ಪಿಸೋದು.

ಅವತ್ತಿನಿಂದ ಹೈಲೈಟರ್ ಮುಟ್ಟಿಲ್ಲ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯುತ್ತೇನೆ. ರಾತ್ರಿ ಮಗನ ಕೈಗೆ ಪ್ರಶ್ನೆ ಬರೆದ ಕಾರ್ಡ್ ಕೊಟ್ಟು ಒಪ್ಪಿಸುತ್ತೇನೆ. ಅವನಿಗೆ 11 ವರ್ಷ, ಬಹಳ ಕಟ್ಟುನಿಟ್ಟು.

ಮೊನ್ನೆ ಸೋಮವಾರ ನರಕ ಚತುರ್ದಶಿ. ಬೆಳಗ್ಗೆ ಎಣ್ಣೆ ನೀರು ಆಯಿತು, ಮಧ್ಯಾಹ್ನ ಬೀನ್ಸ್ ಹೆಚ್ಚುತ್ತಾ ಇವರಿಗೆ ಪಾಠದಲ್ಲಿ ಬರುವ ಹೆನ್ರಿ ಮೊಲೈಸನ್ ಅನ್ನುವ ರೋಗಿಯ ಕಥೆ ಕನ್ನಡದಲ್ಲಿ ಹೇಳಿದೆ. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗ ಕಡಿಮೆಯಾಗಲಿ ಅಂತ ಆತನ ಮೆದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ, ಅಂದರೆ ಹೊಸ ನೆನಪು ಕಟ್ಟೋಕೆ ಬೇಕಾದ ಭಾಗದ, ದೊಡ್ಡ ಪಾಲನ್ನ ತೆಗೆದುಬಿಟ್ಟರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆ ಹೆಚ್ಚುಕಡಿಮೆ ಯಾವುದೂ ನೆನಪಿನಲ್ಲಿ ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ಮನೋವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯೋಕೆ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಹಿಂದಿನ ದಿನ ಅದನ್ನ ಮಾಡಿದ್ದೇ ಆತನಿಗೆ ಗೊತ್ತಿಲ್ಲ.

"ಹಂಗಾದ್ರೆ ಹಳೇದೆಲ್ಲಾ ನೆನಪಿತ್ತಾ?" ಅಂದರು ಇವರು. ಕೈಯಲ್ಲಿ ಚಾಕು ಹಾಗೇ ನಿಂತಿತು. ಆಪರೇಷನ್‌ಗೆ ಮುಂಚಿನ ನೆನಪು ಹೋಗೋದಕ್ಕೂ ಆಮೇಲಿನದು ನಿಲ್ಲದೆ ಇರೋದಕ್ಕೂ ಎರಡು ಬೇರೆ ಹೆಸರಿವೆ, ಓದುವಾಗ ಎರಡೂ ಅರ್ಥವಾಯಿತು ಅಂದುಕೊಂಡಿದ್ದೆ. ಹೇಳೋಕೆ ಹೋದರೆ ಕಲಸಿಹೋಯಿತು. ಕೈ ಒರೆಸಿಕೊಂಡು ಹೋಗಿ ಪುಸ್ತಕ ತೆಗೆದೆ. ಆಪರೇಷನ್‌ಗೆ ಕೆಲವು ವರ್ಷ ಮುಂಚಿನವು ಮಸುಕಾಗಿದ್ದವು, ಬಾಲ್ಯದವು ಚೆನ್ನಾಗಿಯೇ ಇದ್ದವು ಅಂತ ಬಂದು ಹೇಳಿದೆ. ಇವತ್ತು ಪರೀಕ್ಷೆಯಲ್ಲಿ ಅದರ ಮೇಲೆಯೇ ಒಂದು ಪ್ರಶ್ನೆ ಬಂದಿತ್ತು.

ಹೊರಗೆ ಬಂದಾಗ ಗೋದಾಮಿನ ಗೆಳತಿ ಮೆಟ್ಟಿಲ ಮೇಲೆ ಕೂತಿದ್ದಳು. ನಾಲ್ಕು ಸಲ ಓದಿದ್ದೆ, ಏನೂ ನೆನಪಾಗಲಿಲ್ಲ ಅಂದಳು. ಪಕ್ಕದಲ್ಲಿ ಕೂತು ಅಜ್ಜಿ, ಮೊರ, ಬೆರಳು ಎಲ್ಲ ಹೇಳಿದೆ. ಒಪ್ಪಿಸು ಅನ್ನೋದಕ್ಕೆ ಸರಿಯಾದ ಇಂಗ್ಲಿಷ್ ಮಾತು ನನಗೆ ಸಿಗಲಿಲ್ಲ. ಕೊನೆಗೆ ಕನ್ನಡದಲ್ಲೇ ಹೇಳಿಕೊಟ್ಟೆ, ಎರಡು ಸಲ ಹೇಳಿ ನೋಡಿಕೊಂಡಳು. ಮಂಗಳವಾರ ಕ್ಲಾಸಿಗೆ ಒಂದು ಗಂಟೆ ಮುಂಚೆ ಲೈಬ್ರರಿ ಹತ್ತಿರ ಸೇರುತ್ತೇವೆ. ಅವಳ ಪುಸ್ತಕ ನನ್ನ ಕೈಯಲ್ಲಿ, ನನ್ನದು ಅವಳ ಕೈಯಲ್ಲಿ.