ಗಾಜು ಕುಡಿದ ಗಾಡಿ

ಹೋದ ವರ್ಷ ಮೈಸೂರಿನಿಂದ ತಮ್ಮ ಫೋನ್ ಮಾಡಿದ್ದ. ಮನೆಯ ಹಳೇ ಕಾರಿಗೆ 15 ವರ್ಷ ತುಂಬುತ್ತಿತ್ತು. ಆರ್‌ಸಿ ರಿನ್ಯೂ ಮಾಡಿಸುವುದೋ, ಗುಜರಿಗೆ ಹಾಕುವುದೋ ಅಂತ ಲೆಕ್ಕ ಹಾಕುತ್ತಿದ್ದ. ಮೊದಲು 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಗಿದೆ. ಅದರ ಜೊತೆ ಎಫ್‌ಸಿ, ಓಡಾಟ, ಅರ್ಧ ದಿನ ರಜೆ. ಅದರ ಬದಲು ಸರ್ಕಾರದ ಮಾನ್ಯತೆ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟರೆ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಕಾರಿಗೆ ರಿಜಿಸ್ಟ್ರೇಷನ್ ಫೀಸು ಇಲ್ಲ. ಆಗ ಹಲವು ಕಂಪನಿಯವರು ಕಾರಿನ ಬೆಲೆಯಲ್ಲಿ ನೂರಕ್ಕೆ ಒಂದೂವರೆ, ಹೆಚ್ಚೆಂದರೆ 20,000 ರೂಪಾಯಿ ಬಿಡುತ್ತಿದ್ದರು. "ಏನ್ ಮಾಡ್ಲಿ ಅಣ್ಣ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಮ್ಮನ ದನಿ ಬಂತು. "ಇದಕ್ಕೂ ಗಾಜು ಕುಡಿಸಿ ಸಾಯಿಸ್ತಾರಾ ಕೇಳೋ ಅವನ್ನ!"

ತಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಮಾತ್ರ ಫೋನ್ ಹಿಡಿದುಕೊಂಡು ಸುಮ್ಮನೆ ನಿಂತೆ. ಅಮ್ಮ ಇನ್ನೂ ಮರೆತಿಲ್ಲ.

ಅದು 2009ರ ಬೇಸಿಗೆ. ನಾವಿದ್ದದ್ದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ ಎಂಬ ಊರಿನಲ್ಲಿ. ಕಾರಿನ ಊರಿಗೆ ಕಾರೇ ಮುಳುವಾಗಿದ್ದ ಕಾಲ ಅದು. ಏಪ್ರಿಲ್ ಕೊನೆಯಲ್ಲಿ ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿತ್ತು, ಜೂನ್ 1ಕ್ಕೆ ಜನರಲ್ ಮೋಟರ್ಸ್. ನಾನು ಕೆಲಸ ಮಾಡುತ್ತಿದ್ದದ್ದು ಕಾರಿನ ಬಿಡಿಭಾಗದ ಒಂದು ಕಂಪನಿಯಲ್ಲಿ. ಪ್ರತಿ ಶುಕ್ರವಾರ ಯಾರೋ ಒಬ್ಬರು ರಟ್ಟಿನ ಡಬ್ಬ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು. ಮನೆಯಲ್ಲಿ ಎರಡು ತಿಂಗಳ ಮಗು. ಬಾಣಂತನಕ್ಕೆಂದು ಅಮ್ಮ ಬಂದಿದ್ದರು.

ನಮ್ಮ ಗಾಡಿ 1996ರ ಫೋರ್ಡ್ ಎಕ್ಸ್‌ಪ್ಲೋರರ್. ಕಡು ಹಸಿರು ಬಣ್ಣ, ಆನೆಯಂಥ ಮೈ. ಪಕ್ಕದ ಮನೆಯ ಯಜಮಾನರಿಂದ 2005ರಲ್ಲಿ 3,000 ಡಾಲರ್‌ಗೆ ಕೊಂಡದ್ದು. ಅವರು ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಮ್ಮ ಮನೆಯೊಳಗೆ ಅವರ ಹೆಸರು ಫೋರ್ಡ್ ತಾತ. ಗಾಡಿ ಕೊಡುವಾಗ ಕೀ ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟಿದ್ದರು. ಆಯಿಲ್ ಬದಲಿಸಿದ ತಾರೀಕು, ಆಗ ಓಡಿದ್ದ ಮೈಲಿ, ಎಲ್ಲ ಪೆನ್ಸಿಲ್‌ನಲ್ಲಿ ಸಾಲಾಗಿ ಬರೆದಿದ್ದರು. ಮೂರು ಸಾವಿರ ಮೈಲಿಗೊಂದು ಸಾಲು. "ಇದನ್ನ ಮುಂದುವರಿಸು" ಅಂತ ಅಷ್ಟೇ ಹೇಳಿದ್ದರು. ಬೇರೆ ಶರತ್ತು ಏನೂ ಇರಲಿಲ್ಲ. ನಾನೂ ಬರೆಯುತ್ತಾ ಬಂದೆ. ನನ್ನ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ.

ಆ ವರ್ಷ ಸರ್ಕಾರ ಒಂದು ಯೋಜನೆ ತಂದಿತು. ಕಾಗದದ ಮೇಲೆ ಉದ್ದನೆಯ ಹೆಸರಿತ್ತು, ಜನ ಕರೆದದ್ದು 'ಕ್ಯಾಶ್ ಫಾರ್ ಕ್ಲಂಕರ್ಸ್' ಅಂತ. ನಮ್ಮ ಮಾತಲ್ಲಿ ಹೇಳುವುದಾದರೆ ಡಕೋಟಾ ಗಾಡಿಗೆ ದುಡ್ಡು. ಹಳೇ ಗಾಡಿ ಕೊಟ್ಟು ಹೊಸದು ಕೊಂಡರೆ 3,500 ಅಥವಾ 4,500 ಡಾಲರ್ ಸರ್ಕಾರದ್ದು. ಹಳೇದರ ಮೈಲೇಜ್ ಗ್ಯಾಲನ್‌ಗೆ 18 ಮೈಲಿ ಮೀರಬಾರದು. ಅಂದರೆ ಲೀಟರಿಗೆ ಏಳೂವರೆ ಕಿಲೋಮೀಟರ್ ಅನ್ನಿ. ಹೊಸ ಕಾರು ಹಳೇದಕ್ಕಿಂತ 10 ಮೈಲಿ ಜಾಸ್ತಿ ಕೊಡುವಂತಿದ್ದರೆ ಪೂರ್ತಿ 4,500. ನಮ್ಮ ಎಕ್ಸ್‌ಪ್ಲೋರರ್ ಲೀಟರಿಗೆ ಏಳೂ ಕೊಡುತ್ತಿರಲಿಲ್ಲ. ಅದರ ಹೊಟ್ಟೆಬಾಕತನವನ್ನು ಬೈದುಕೊಂಡು ನಾಲ್ಕು ವರ್ಷ ಓಡಿಸಿದ್ದೆ. ಈಗ ಅದೇ ಗುಣಕ್ಕೆ ಬಹುಮಾನ!

ಮಾರಲು ಹೋದರೆ ಅದಕ್ಕೆ ಸಾವಿರ ಚಿಲ್ಲರೆ ಡಾಲರ್ ಬಂದರೆ ಹೆಚ್ಚು. ಅಮ್ಮ ಮನಸ್ಸಿನಲ್ಲೇ ಗುಣಿಸಿ ನೋಡಿದರು. ಆಗ ಡಾಲರ್‌ಗೆ 48 ರೂಪಾಯಿ. "ಎರಡು ಲಕ್ಷದ ಮೇಲೆ ಕೊಡ್ತಾರಾ? ಈ ಗಾಡಿಗೆ? ಏನೋ ಮೋಸ ಇರ್ಬೇಕು ಕಣೋ."

ಹೆಂಡತಿಗೆ ಬೇರೆಯೇ ಚಿಂತೆ. "ನಾಳೆ ಕೆಲಸ ಹೋದ್ರೆ ಕಂತು ಯಾರು ಕಟ್ತಾರೆ ರೀ?" ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನವೆಂಬರ್ 1ರವರೆಗೆ ಟೈಮ್ ಇದೆಯಲ್ಲ, ನೋಡೋಣ ಅಂದೆ.

ನಿಯಮಗಳು ಹೊರಬಿದ್ದದ್ದು ಜುಲೈ 24ಕ್ಕೆ. 30ನೇ ತಾರೀಕು ಗುರುವಾರ ರಾತ್ರಿ, ನಾನು ಮಗುವನ್ನು ಭುಜದ ಮೇಲೆ ಹಾಕಿಕೊಂಡು ತಟ್ಟುತ್ತಾ ಟಿವಿ ಮುಂದೆ ಓಡಾಡುತ್ತಿದ್ದೆ. ಕೆಳಗೆ ಸುದ್ದಿ ಓಡಿತು. ಇಟ್ಟಿದ್ದ ನೂರು ಕೋಟಿ ಡಾಲರ್ ಖಾಲಿಯಾಗುತ್ತಾ ಬಂದಿದೆ, ಯೋಜನೆ ನಿಲ್ಲಬಹುದು ಅಂತ. ನಾಲ್ಕು ತಿಂಗಳಿಗೆಂದು ಇಟ್ಟ ದುಡ್ಡು ಒಂದು ವಾರಕ್ಕೆ! ನಮ್ಮೂರಿನ ಮದುವೆ ಊಟದಲ್ಲಿ ಹೋಳಿಗೆ ಖಾಲಿಯಾಗುತ್ತಿದೆ ಅಂತ ಗೊತ್ತಾದರೆ ಹೇಗಿರುತ್ತೆ? ಅಲ್ಲಿಯವರೆಗೆ ಬೇಡ ಅಂದವನೂ ಎಲೆ ಮುಂದಕ್ಕೆ ತಳ್ಳುತ್ತಾನೆ. ನಾನೂ ಹಾಗೇ ಮಾಡಿದೆ. ಬೆಳಗ್ಗೆ ಎಂಟಕ್ಕೆ ಡೀಲರ್‌ಗೆ ಫೋನ್ ಮಾಡಿದರೆ, "ಇವತ್ತು ಬಂದ್ರೆ ಉಂಟು, ನಾಳೆ ಮಾತು ನಾನು ಕೊಡಲ್ಲ" ಅಂದ.

ಆ ಶುಕ್ರವಾರ ಜುಲೈ 31. ವರಮಹಾಲಕ್ಷ್ಮಿ ಹಬ್ಬ.

ಅಮ್ಮ ನಸುಕಿಗೇ ಎದ್ದು ಕಲಶಕ್ಕೆ ಸೀರೆ ಉಡಿಸಿದ್ದರು. ಇಂಡಿಯನ್ ಸ್ಟೋರ್‌ನಲ್ಲಿ ಸಿಕ್ಕಿದ ವೀಳ್ಯದೆಲೆ, ಬಾಡಿದ್ದರೂ ಸರಿ ಅಂತ ಇಟ್ಟಿದ್ದರು. ಪೂಜೆ ಮುಗಿಸಿ ಹೊರಗೆ ಬಂದು ಎಕ್ಸ್‌ಪ್ಲೋರರ್‌ನ ಬಾನೆಟ್ ಮೇಲೂ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ನಾನು ವಿಷಯ ಹೇಳಿದ್ದು. ಅದು ನನ್ನ ತಪ್ಪೇ.

"ಹಬ್ಬದ ದಿನ, ಅದೂ ಶುಕ್ರವಾರ, ಮನೇಲಿರೋ ಗಾಡಿ ಹೊರಗೆ ಕೊಟ್ಟು ಬರ್ತೀಯಾ? ಇವತ್ತು ನಾವು ಪಕ್ಕದ ಮನೆಗೆ ಒಂದು ಚಿಟಿಕೆ ಉಪ್ಪೂ ಕೊಡಲ್ಲ!"

"ಕೊಡ್ತಿಲ್ಲಮ್ಮ, ತರ್ತಿದ್ದೀನಿ. ಸರ್ಕಾರದ ಲಕ್ಷ್ಮಿ ಬರ್ತಿದ್ದಾಳೆ."

ಅಮ್ಮ ನನ್ನ ಮುಖ ನೋಡಿದ ರೀತಿಗೆ ಆ ಜೋಕನ್ನು ಮತ್ತೆ ಯಾವತ್ತೂ ಹೇಳಿಲ್ಲ.

ಡೀಲರ್ ಅಂಗಡಿಯಲ್ಲಿ ಸಂತೆ. ಕುರ್ಚಿ ಸಾಲದೆ ಜನ ಹೊಸ ಕಾರುಗಳ ಒಳಗೇ ಕೂತು ಕಾಯುತ್ತಿದ್ದರು. ಒಳಗೆ ಇಬ್ಬರು ಕಂಪ್ಯೂಟರ್ ಮುಂದೆ ಕೂತು, ತೆರೆಯದ ವೆಬ್‌ಸೈಟನ್ನು ಶಪಿಸುತ್ತಿದ್ದರು. ಸರ್ಕಾರದ ದುಡ್ಡು ಬರುವುದು ಮೊದಲು ಡೀಲರ್ ಕೈಯಿಂದ ಖರ್ಚಾದ ಮೇಲೆ. ಹಾಗಾಗಿ ಅವರಿಗೂ ಎದೆ ಡವಡವ. ನಾನು ಬೆಳ್ಳಿ ಬಣ್ಣದ ಫೋರ್ಡ್ ಫೋಕಸ್ ಆರಿಸಿದೆ. ಜಪಾನಿನ ಕಾರಿನ ಮೇಲೆ ಮನಸ್ಸಿತ್ತು, ಸುಳ್ಳು ಹೇಳಲ್ಲ. ಆ ಯೋಜನೆಯಲ್ಲಿ ಕೊನೆಗೆ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದೂ ಟೊಯೋಟಾ ಕರೋಲಾ. ಆದರೆ ಫೋಕಸ್ ತಯಾರಾಗುತ್ತಿದ್ದದ್ದು ನಮ್ಮ ಮನೆಯಿಂದ ಹತ್ತು ನಿಮಿಷದ ವೇಯ್ನ್‌ನಲ್ಲಿ. ದಿನಾ ಬೆಳಗ್ಗೆ ಫೋರ್ಡ್ ತಾತನ ಮುಖ ನೋಡಬೇಕಲ್ಲ!

ಎಲ್ಲ ಸಹಿ ಆಯಿತು. ಕೊನೆಗೆ ಇನ್ಶೂರೆನ್ಸ್ ಕಾಗದ ಕೇಳಿದರು. ಗಾಡಿ ಒಂದು ವರ್ಷದಿಂದ ಒಂದೇ ಹೆಸರಿನಲ್ಲಿರಬೇಕು, ಒಂದು ದಿನವೂ ಬಿಡದೆ ಇನ್ಶೂರೆನ್ಸ್ ಇರಬೇಕು. ಯಾರೋ ಹೊಲದಲ್ಲಿ ಬಿದ್ದಿದ್ದ ಗಾಡಿ ಎಳೆದು ತಂದು ದುಡ್ಡು ಹೊಡೆಯಬಾರದು ಅಂತ. ನಾನು ಫೆಬ್ರವರಿಯಲ್ಲಿ ಕಂಪನಿ ಬದಲಿಸಿದ್ದೆ. ಅದಕ್ಕೂ ಹಿಂದಿನ ಕಾಗದ ಇರಲಿಲ್ಲ. ಹಳೇ ಏಜೆಂಟ್‌ಗೆ ಫೋನ್ ಮಾಡಿದರೆ ನಾಳೆ ಬೆಳಗ್ಗೆ ಫ್ಯಾಕ್ಸ್ ಮಾಡ್ತೀನಿ ಅಂದ. ಬಂದ ದಾರಿಗೆ ಸುಂಕ ಇಲ್ಲ ಅಂತ ಎಕ್ಸ್‌ಪ್ಲೋರರ್‌ನಲ್ಲೇ ಮನೆಗೆ ವಾಪಸ್ ಬಂದೆ.

ಅಮ್ಮ ಬಾಗಿಲಲ್ಲೇ ನಿಂತಿದ್ದರು. ಗಾಡಿ ನೋಡಿ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ದೇವರಿಗೆ ಇನ್ನೊಂದು ಸಲ ಮಂಗಳಾರತಿ ಮಾಡಿದರು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ದಂಪತಿಗಳಲ್ಲಿ ನನ್ನ ಗೆಳೆಯನೊಬ್ಬ ಪೂರ್ತಿ ಕೆಂಡವಾಗಿದ್ದ. ಅವನದು 1991ರ ಕರೋಲಾ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಗಾಡಿಯ ಹೊಟ್ಟೆಯನ್ನೇ ತಿಂದುಬಿಡುತ್ತದೆ. ಅವನ ಕಾರಿನಲ್ಲಿ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು. ಹೊಗೆಯಂತೂ ಕೇಳಬೇಡಿ. ಆದರೆ ಸರ್ಕಾರದ ಪಟ್ಟಿಯಲ್ಲಿ ಅದರ ಮೈಲೇಜ್ 18ಕ್ಕಿಂತ ಜಾಸ್ತಿ. ಒಂದು ಪೈಸೆ ಇಲ್ಲ. "ಕಡಿಮೆ ಪೆಟ್ರೋಲ್ ಕುಡಿದಿದ್ದೇ ತಪ್ಪಾ ಗುರೂ? ನೀನು ನಾಲ್ಕು ವರ್ಷ ಹೊಳೆ ಥರ ಸುರಿದೆ, ನಿನಗೆ ನಾಲ್ಕೂವರೆ ಸಾವಿರ!" ಅಂತ ಕೋಸಂಬರಿ ತಿನ್ನುತ್ತಾ ಕೂಗಾಡಿದ. ಅವನ ಮಾತಿಗೆ ನನ್ನ ಹತ್ತಿರ ಜವಾಬು ಇರಲಿಲ್ಲ. ಈಗಲೂ ಇಲ್ಲ. ನಮ್ಮ ದೇಶದಲ್ಲಿ ವಯಸ್ಸು ನೋಡುತ್ತಾರೆ, ಅಲ್ಲಿ ಹಸಿವು ನೋಡಿದರು. ಎರಡರಲ್ಲೂ ಯಾರೋ ಒಬ್ಬ ಪಾಪದವನು ಗೆರೆಯ ಆಚೆ ಉಳಿಯುತ್ತಾನೆ.

ಅದೇ ದಿನ ಅಮೆರಿಕದ ಸಂಸತ್ತಿನ ಕೆಳಮನೆ ಇನ್ನೂ 200 ಕೋಟಿ ಡಾಲರ್‌ಗೆ ಒಪ್ಪಿತು, ಆಗಸ್ಟ್ 6ಕ್ಕೆ ಮೇಲ್ಮನೆ ಸೆನೆಟ್ ಕೂಡ ಒಪ್ಪಿತು. ಅಂದರೆ ನಾನು ಹಬ್ಬದ ದಿನ ಅಷ್ಟು ಹಾರಾಡಬೇಕಾಗೇ ಇರಲಿಲ್ಲ. ಶನಿವಾರ ಕಾಗದ ಬಂತು, ಎಕ್ಸ್‌ಪ್ಲೋರರ್ ಬಿಟ್ಟು ಫೋಕಸ್ ತಂದೆ. ಅಮ್ಮ ನಿಂಬೆಹಣ್ಣು ಇಟ್ಟರು, ಹತ್ತಿಸಿದೆ. ಅಲ್ಲಿಗೆ ಮುಗಿಯಬೇಕಿತ್ತು.

ಹತ್ತು ಹನ್ನೆರಡು ದಿನ ಆದಮೇಲೆ ನೆನಪಾಯಿತು. ಆ ನೋಟ್‌ಬುಕ್! ಎಕ್ಸ್‌ಪ್ಲೋರರ್‌ನ ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಬಿಟ್ಟಿದ್ದೆ. ತರಕಾರಿಗೆ ಹೊರಟಿದ್ದ ಅಮ್ಮನನ್ನೂ ಕೂರಿಸಿಕೊಂಡು ಡೀಲರ್ ಹತ್ತಿರ ಹೋದೆ. ಹಿತ್ತಲಿನಲ್ಲಿ ಹಳೇ ಗಾಡಿಗಳು ಸಾಲಾಗಿ ನಿಂತಿದ್ದವು, ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ನಮ್ಮದು ಅಲ್ಲಿರಲಿಲ್ಲ, ಆಗಲೇ ಶೆಡ್‌ನೊಳಗೆ ತಂದಿದ್ದರು. ಬಾನೆಟ್ ಮೇಲೆ ಕುಂಕುಮ ಇನ್ನೂ ಇತ್ತು, ಮಳೆಗೆ ಸ್ವಲ್ಪ ಇಳಿದಿತ್ತು.

ಮೆಕ್ಯಾನಿಕ್ ಚಿಕ್ಕ ಹುಡುಗ. ನೋಟ್‌ಬುಕ್ ತೆಗೆದು ಕೈಗೆ ಕೊಟ್ಟ. "ನೋಡ್ತೀರಾ? ಆ ಗೆರೆ ದಾಟಬೇಡಿ" ಅಂದ. ಬೆಳಗ್ಗಿಂದ ಅವನಿಗೆ ಇದು ಐದನೇದಂತೆ.

ಇಂಜಿನ್ ಆಯಿಲ್ ಪೂರ್ತಿ ಇಳಿಸಿದ್ದ. ಅದರ ಜಾಗಕ್ಕೆ ಎರಡು ಲೀಟರಿನಷ್ಟು ತಿಳಿಯಾದ ದ್ರಾವಣ ಸುರಿದ. ಸೋಡಿಯಂ ಸಿಲಿಕೇಟ್. ನೀರಿನಂಥ ಗಾಜು ಅಂತ ಅಮ್ಮನಿಗೆ ಹೇಳಿದೆ. ಇಂಜಿನ್ ಬಿಸಿಯಾದಂತೆ ಅದರ ನೀರು ಆವಿಯಾಗುತ್ತದೆ, ಉಳಿದದ್ದು ಪಾಕ ಗಟ್ಟಿಯಾದ ಹಾಗೆ ಒಳಗೆಲ್ಲ ಅಂಟಿ ಕಲ್ಲಾಗುತ್ತದೆ. ಈ ಇಂಜಿನ್ ಮತ್ತೆ ಯಾವ ಗಾಡಿಗೂ ಹೋಗಬಾರದು, ಅದಕ್ಕೇ ಈ ಏರ್ಪಾಡು. ಬೇರೆ ಬಿಡಿಭಾಗ ಮಾರಬಹುದು, ಇಂಜಿನ್ ಮಾತ್ರ ಸಾಯಲೇಬೇಕು.

ಹುಡುಗ ಸ್ಟಾರ್ಟ್ ಮಾಡಿದ. ಒಂದೇ ಸಲಕ್ಕೆ ಹತ್ತಿತು, ಯಾವತ್ತಿನ ಹಾಗೆ. ಆಕ್ಸಿಲರೇಟರ್ ಒತ್ತಿ ಎರಡು ಸಾವಿರ ಆರ್‌ಪಿಎಮ್‌ಗೆ ಹಿಡಿದ. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಅವನು ಗೋಡೆ ಗಡಿಯಾರ ನೋಡಿ ಹುಬ್ಬು ಹಾರಿಸಿದ. ಮೂರನೇ ನಿಮಿಷಕ್ಕೆ ಎಲ್ಲೋ ಆಳದಲ್ಲಿ ಟಿಕ್ ಟಿಕ್ ಶುರುವಾಯಿತು. ಆಮೇಲೆ ಮಿಕ್ಸಿಗೆ ಕಲ್ಲು ಬಿದ್ದ ಸದ್ದು. ಹಿಂದಿನಿಂದ ಬಿಳಿ ಹೊಗೆ. ಇಡೀ ಗಾಡಿ ಜ್ವರ ಬಂದವರ ಹಾಗೆ ನಡುಗಿತು. ಸದ್ದು ಕುಗ್ಗಿತು, ನಿಂತೇ ಹೋಯಿತು ಅಂದುಕೊಂಡೆ, ಮತ್ತೆ ಎದ್ದಿತು. ಕೊನೆಗೆ ಒಮ್ಮೆ ಕಿರುಚಿ ಗಪ್ಪಂತ ನಿಂತಿತು. ಹುಡುಗ ಕೀ ತಿರುಗಿಸಿ ನೋಡಿದ. ಟಕ್ ಅಂದಿತು, ಅಷ್ಟೇ.

"ಆರು ನಿಮಿಷ. ಹಿಂದಿನದು ಎರಡಕ್ಕೇ ಮಲಗಿತ್ತು" ಅಂದ.

ಅಮ್ಮ ಬಾಗಿಲ ಹತ್ತಿರ ನಿಂತಿದ್ದರು. ಸೆರಗು ಬಾಯಿಗೆ ಹಿಡಿದಿದ್ದು ಹೊಗೆಗೋ ಏನೋ ಗೊತ್ತಿಲ್ಲ. ಕಾರಿನಲ್ಲಿ ಕೂತ ಮೇಲೆ ಕೇಳಿದರು. "ಓಡ್ತಿತ್ತಲ್ಲೋ ಅದು? ಯಾರಾದ್ರೂ ಇಲ್ಲದವರಿಗೆ ಕೊಡಬಹುದಿತ್ತಲ್ಲ?" ಪೆಟ್ರೋಲು, ಹೊಗೆ, ಕಾರ್ಖಾನೆ, ಕೆಲಸ ಎಲ್ಲ ವಿವರಿಸಿದೆ. ಎಲ್ಲ ಸರಿಯಾದ ಕಾರಣಗಳೇ. ಹೇಳುತ್ತಾ ಹೇಳುತ್ತಾ ನನಗೇ ಬೋರ್ ಆಯಿತು. ಆಯುಧಪೂಜೆಗೆ ಸ್ಪ್ಯಾನರ್‌ಗೂ ಕುಂಕುಮ ಹಚ್ಚುವ ಹೆಂಗಸಿಗೆ ಇದನ್ನೆಲ್ಲ ಯಾವ ಬಾಯಲ್ಲಿ ಹೇಳುವುದು?

ಆಗಸ್ಟ್ 24ಕ್ಕೆ ಯೋಜನೆ ಮುಗಿಯಿತು. ಹೆಚ್ಚೂಕಮ್ಮಿ 6.8 ಲಕ್ಷ ಗಾಡಿಗಳು ಹೀಗೇ ಹೋದವು. ಅವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ನಮ್ಮ ಎಕ್ಸ್‌ಪ್ಲೋರರ್ ಜಾತಿಯದ್ದೇ. ಹೊಸ ಕಾರು ಕೊಂಡವರಲ್ಲಿ ಬಹಳ ಜನ ಕೆಲವೇ ತಿಂಗಳಲ್ಲಿ ಹೇಗೂ ಕೊಳ್ಳುತ್ತಿದ್ದವರೇ ಅಂತ ಅರ್ಥಶಾಸ್ತ್ರಜ್ಞರು ಆಮೇಲೆ ಬರೆದರು. ಇರಬಹುದು. ನಾನಂತೂ ಕೊಳ್ಳುತ್ತಿರಲಿಲ್ಲ.

ಫೋರ್ಡ್ ತಾತನಿಗೆ ಹೇಳುವುದು ಬಾಕಿ ಇತ್ತು. ಎರಡು ವಾರ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದ್ದೆ, ಹೊಸ ಕಾರು ಅಂಗಳದಲ್ಲೇ ನಿಂತಿದ್ದರೂ! ಒಂದು ಭಾನುವಾರ ಅವರು ಹುಲ್ಲು ಕತ್ತರಿಸುವಾಗ ಧೈರ್ಯ ಮಾಡಿ ಹೋದೆ. ನೋಟ್‌ಬುಕ್ ಕೈಗೆ ಕೊಟ್ಟೆ. ನಡೆದದ್ದನ್ನು ಹೇಳಿದೆ. ಅವರು ಮಷಿನ್ ಆಫ್ ಮಾಡಿ ಕೇಳಿಸಿಕೊಂಡರು. ಕೋಪ ಬರಲಿಲ್ಲ. ಅಳಿಯ ವೇಯ್ನ್ ಕಾರ್ಖಾನೆಯಲ್ಲಿದ್ದಾನೆ, ಫೋಕಸ್ ಜಾಸ್ತಿ ಮಾಡಬೇಕು ಅಂತ ಕಂಪನಿ ಹೇಳಿದೆ, ಓವರ್‌ಟೈಮ್ ಸಿಕ್ಕಿದೆ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ಎಷ್ಟು ನಿಮಿಷ ತಡೀತು?"

"ಆರು."

ತಲೆ ಆಡಿಸಿದರು. ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಹಾಳೆ ತಿರುವಿದರು. ಅವರ ಅಕ್ಷರ ಮುಗಿದು ನನ್ನದು ಶುರುವಾಗುವ ಕಡೆ ನಿಂತರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಇಳಿಯುತ್ತಾ ಹೋಗಿ ಒಂದು ಕಡೆ ತಡೆದರು.

"ಇಲ್ಲಿ ನೋಡು, 2007ರ ಡಿಸೆಂಬರ್. ಸಾವಿರ ಮೈಲಿ ತಡ ಮಾಡಿದ್ದೀಯ. ಇಲ್ಲದಿದ್ರೆ ಇನ್ನೊಂದು ನಿಮಿಷ ಓಡ್ತಿತ್ತು."